ಮತ್ತು ಕೊಡುವ ಡಾಕ್ಟ್ರಿಗೂ ಪಾಳಿಪಟ್ಟಿ ಬೇಕು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)

ಸಿಜೇರಿಯನ್ ಅಂದಕೂಡಲೇ ನಮಗೆ ನೆನಪಾಗೋದು ಹೆರಿಗೆ ಡಾಕ್ಟ್ರು. ಆದರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಆಪರೇಷನ್ ಮುಗಿಯುವ ತನಕ ತಾಯಿಯ ಉಸಿರು, ನಾಡಿ, ಬಿ.ಪಿ. ಕಾಯುವವರು ಅರಿವಳಿಕೆ ಡಾಕ್ಟ್ರು. ಅವರಿಲ್ಲದಿದ್ದರೆ ಹೆರಿಗೆ ಡಾಕ್ಟ್ರು ಇದ್ದೂ ಕೈಕಟ್ಟಿ ಹಾಕಿದ ಹಾಗೆ.

ಒಂದು ರಾತ್ರಿ ಸಂಘದ ಸದಸ್ಯೆಯೊಬ್ಬರ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದೆವು. ಹೋದ ಮೇಲೆ ಗೊತ್ತಾಯ್ತು, ಅರಿವಳಿಕೆ ಡಾಕ್ಟ್ರು ರಜೆ. ಬದಲಿಗೆ ಯಾರನ್ನು ಕರೆಯಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಬೇರೆ ಊರಿಗೆ ಓಡಿದೆವು. ತಾಯಿ-ಮಗು ಉಳಿದರು. ಆ ದಾರಿ ಮಾತ್ರ ನನಗೆ ಮರೆತಿಲ್ಲ. ರಜೆ ಹಾಕಿದ್ದು ತಪ್ಪಲ್ಲ, ಅವರಿಗೂ ಮನೆ-ಮಕ್ಕಳಿದ್ದಾರೆ. ಬದಲಿ ಏರ್ಪಾಡು ಮಾಡದಿದ್ದದ್ದು ತಪ್ಪು.

ನಮ್ಮ ಸಂಘದಲ್ಲಿ ಒಬ್ಬ ಪ್ರತಿನಿಧಿ ಊರಿಗೆ ಹೋದರೆ ಸಭೆ ನಿಲ್ಲುತ್ತಾ? ಇಲ್ಲ. ಇನ್ನೊಬ್ಬರು ನಡೆಸುತ್ತಾರೆ, ಪುಸ್ತಕದಲ್ಲಿ ಎಲ್ಲಾ ಬರೆದಿರುತ್ತೆ. ಅರಿವಳಿಕೆ ವಿಭಾಗದ ಮುಖ್ಯಸ್ಥರ ಕೆಲಸವೂ ಹೀಗೆಯೇ. ತಿಂಗಳ ಪಾಳಿಪಟ್ಟಿ, ಬದಲಿಯವರ ಹೆಸರು ಗೋಡೆಯ ಮೇಲಿರಬೇಕು. ದಿನಾ ಬೆಳಿಗ್ಗೆ ಆಕ್ಸಿಜನ್, ಯಂತ್ರ, ತುರ್ತು ಔಷಧಿ ನೋಡಿ ಸಹಿ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಪರಿಶೀಲನಾ ಪಟ್ಟಿ ಕೊಟ್ಟಿದೆ. ಮತ್ತು ಕೊಡುವ ಮೊದಲು, ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ತರುವ ಮೊದಲು, ಹೀಗೆ ಮೂರು ಸಲ ಎಲ್ಲರೂ ಸೇರಿ ಬಾಯಿಬಿಟ್ಟು ಹೇಳಿ ಖಾತ್ರಿ ಮಾಡಿಕೊಳ್ಳಬೇಕು. "ಡಾಕ್ಟ್ರೇ, ಸ್ವಲ್ಪ ನಿಲ್ಲಿ" ಅಂತ ನರ್ಸಮ್ಮ ಹೆದರದೆ ಹೇಳುವಂತಿದ್ದರೆ ಅದೇ ಒಳ್ಳೆಯ ನಾಯಕತ್ವ. ತಪ್ಪಾದಾಗ ಬೈದು ಬಾಯಿ ಮುಚ್ಚಿಸಿದರೆ ಮುಂದಿನ ತಪ್ಪು ಹೊರಗೆ ಬರೋದಿಲ್ಲ.

ನಾವೇನು ಮಾಡಬಹುದು?

ಏಳನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಕೇಳಿ: ರಾತ್ರಿ ಅರಿವಳಿಕೆ ಡಾಕ್ಟ್ರು ಇರ್ತಾರಾ? ಇಲ್ಲದಿದ್ದರೆ ಎಲ್ಲಿಗೆ ಕಳಿಸ್ತೀರಿ? ಮೊದಲೇ ಫೋನ್ ಮಾಡಿ ತಿಳಿಸ್ತೀರಾ? 108 ನಂಬರ್ ಮನೆಯವರಿಗೆಲ್ಲ ಗೊತ್ತಿರಲಿ. ಕೊರತೆ ಕಂಡರೆ ಸಂಘದಲ್ಲಿ ಠರಾವು ಮಾಡಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೊಡಿ.

ನಮ್ಮ ಜವಾಬ್ದಾರಿಯೂ ಇದೆ. ಆಪರೇಷನ್‌ಗೆ ಮುಂಚೆ ಯಾವಾಗ ಏನು ತಿಂದಿರಿ, ಉಬ್ಬಸ ಇದೆಯಾ, ಯಾವ ಮಾತ್ರೆ ತಗೋತೀರಿ ಅಂತ ಕೇಳಿದಾಗ ನಿಜ ಹೇಳಿ. ಅತ್ತೆ ಪ್ರೀತಿಯಿಂದ ಗಂಜಿ ಕುಡಿಸಿದ್ದರೆ ಅದನ್ನೂ ಹೇಳಿ. ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಲೆಕ್ಕ ಕೇಳೋದು ಸಂಘದಲ್ಲಿ ಕಲಿತಿದ್ದೀರಿ. ಆಸ್ಪತ್ರೆಯಲ್ಲೂ ಕೇಳಿ, ಗೌರವದಿಂದ ಕೇಳಿ. ಕೇಳದೇ ವಾಪಸ್ ಬರಬೇಡಿ.