ದಂತಮೂಲದ ರೋಗವೂ ಅದರ ಚಿಕಿತ್ಸೆಯೂ



ದಾಸೋಹದ ಪಂಕ್ತಿಯಲ್ಲಿ ಕುಳಿತ ವೃದ್ಧರನ್ನು ಗಮನಿಸಿದವರಿಗೆ ಒಂದು ಸಂಗತಿಯು ತಿಳಿದಿರುವುದು. ಎಲ್ಲೋ ಒಬ್ಬಿಬ್ಬರು ಜೋಳದ ರೊಟ್ಟಿಯನ್ನು ಮುರಿದು, ಪಲ್ಯದೊಡನೆ ಚೆನ್ನಾಗಿ ಅಗಿದು ಉಣ್ಣುವರು. ಉಳಿದವರು ಅದೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಟ್ಟು, ಕಾಳಿನ ಪಲ್ಯವನ್ನು ಬದಿಗೆ ಸರಿಸಿ, ಮೆತ್ತಗಾದುದನ್ನಷ್ಟೇ ನುಂಗಿ ಏಳುವರು. ಕೇಳಿದರೆ, “ವಯಸ್ಸಾಯಿತು, ಹಲ್ಲು ಹೋದವು” ಎಂಬ ಉತ್ತರವು ಬರುವುದು. ವಯಸ್ಸಾದೊಡನೆ ಹಲ್ಲು ಹೋಗಲೇಬೇಕೆಂಬ ನಿಯಮವು ದೇಹದಲ್ಲಿ ಎಲ್ಲಿಯೂ ಇಲ್ಲ. ಹೀಗೆ ಬಿದ್ದ ಹಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಎಷ್ಟೋ ಸಲ ಅವುಗಳಲ್ಲಿ ಹುಳುಕಿನ ಕುರುಹೂ ಇರುವುದಿಲ್ಲ. ಮರವು ಗಟ್ಟಿಯಾಗಿದ್ದಂತೆಯೇ ಬುಡದ ಮಣ್ಣು ಕೊಚ್ಚಿಹೋದರೆ ಏನಾಗುವುದೋ ಅದೇ ಇಲ್ಲಿಯೂ ಆಗಿರುತ್ತದೆ.

ಹಲ್ಲನ್ನು ಹಿಡಿದಿರುವುದು ಒಸಡು, ಒಸಡಿನೊಳಗಿನ ಎಲುಬು, ಹಲ್ಲಿನ ಬೇರನ್ನು ಆ ಎಲುಬಿಗೆ ಕಟ್ಟಿದ ಸೂಕ್ಷ್ಮವಾದ ನಾರುಗಳು. ಇವುಗಳಿಗೆ ಬರುವ ರೋಗವನ್ನು ಹಿಂದಿನ ತಲೆಮಾರಿನವರು ‘ಪಯೋರಿಯಾ’ ಎಂದು ಕರೆಯುತ್ತಿದ್ದರು. ಸುಶ್ರುತ ಸಂಹಿತೆಯ ನಿದಾನಸ್ಥಾನವು ಬಾಯಿಯ ರೋಗಗಳನ್ನು ೬೫ ಎಂದು ಎಣಿಸಿ, ಅವುಗಳಲ್ಲಿ ೧೫ನ್ನು ದಂತಮೂಲಕ್ಕೇ ಸೇರಿಸಿದೆ. ಹಲ್ಲಿಗೆ ಸೇರಿದವು ಎಂಟು ಮಾತ್ರ. ಈ ಲೆಕ್ಕವೇ ವಿಚಾರಾರ್ಹವಾದುದು. ಅಕಸ್ಮಾತ್ತಾಗಿ ರಕ್ತ ಒಸರಿ ಒಸಡು ಕೊಳೆಯುವುದನ್ನು ‘ಶೀತಾದ’ವೆಂದೂ, ಕೀವು ರಕ್ತಗಳು ಸುರಿದು ಹಲ್ಲು ಅಲುಗುವುದನ್ನು ‘ದಂತವೇಷ್ಟ’ವೆಂದೂ ಆ ಗ್ರಂಥವು ಹೆಸರಿಸಿದೆ. ‘ಉಪಕುಶ’ವೆಂಬ ಇನ್ನೊಂದರ ಲಕ್ಷಣವನ್ನು ಹೇಳುವಾಗ, ಮುಟ್ಟಿದರೆ ರಕ್ತ ಬರುವುದು, ಬಾಯಿ ನಾರುವುದು, ಹಲ್ಲು ಅಲುಗುವುದು ಎಂಬುದರೊಂದಿಗೆ ನೋವು ಮಾತ್ರ ಮಂದವಾಗಿರುವುದೆಂದೂ ಸೇರಿಸಿದೆ. ಈ ಕೊನೆಯ ಮಾತಿನಲ್ಲಿಯೇ ರೋಗದ ಕಪಟವೆಲ್ಲ ಅಡಗಿದೆ. ಹುಳುಕು ಹಲ್ಲು ರಾತ್ರಿಯೆಲ್ಲ ಮಲಗಗೊಡದೆ ಮನುಷ್ಯನನ್ನು ವೈದ್ಯರ ಬಾಗಿಲಿಗೆ ಓಡಿಸುತ್ತದೆ. ಒಸಡಿನ ರೋಗವು ಹಾಗೆ ಕೂಗುವುದಿಲ್ಲ. ಹತ್ತಾರು ವರ್ಷ ಮೌನವಾಗಿ ಎಲುಬನ್ನು ತಿಂದು, ಕಡೆಗೊಂದು ದಿನ ನಾಲಗೆಗೆ ತಾಗಿ ಹಲ್ಲು ಅಲುಗಿದಾಗಲೇ ಯಜಮಾನನಿಗೆ ತಿಳಿಯುವುದು.

ಈ ರೋಗವು ಹುಟ್ಟುವ ಬಗೆಯನ್ನು ಈಗ ಸ್ಪಷ್ಟವಾಗಿ ಕಂಡುಕೊಂಡಿರುವರು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ಎಂಬಾತನು ೧೬೮೩ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿಯ ಲೋಳೆಯನ್ನು ತಾನೇ ಉಜ್ಜಿ ಮಾಡಿದ ಮಸೂರದಡಿಯಲ್ಲಿಟ್ಟು ನೋಡಿ, ಅದರಲ್ಲಿ ಸಜೀವವಾಗಿ ಚಲಿಸುವ ಸೂಕ್ಷ್ಮಜೀವಿಗಳಿರುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆ ಲೋಳೆಯೇ ಒಸಡನ್ನು ಕೆಡಿಸುವುದೆಂಬುದು ಪ್ರಯೋಗದಿಂದ ಸಿದ್ಧವಾಗಲು ಮಾತ್ರ ಬಹುಕಾಲ ಬೇಕಾಯಿತು. ೧೯೬೫ರಲ್ಲಿ ಹೆರಾಲ್ಡ್ ಲೋಯೆ ಎಂಬ ದಂತವಿಜ್ಞಾನಿಯೂ ಅವರ ಸಂಗಡಿಗರೂ ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಆರೋಗ್ಯವಂತರಾದ ೧೨ ಜನರು ಹಲ್ಲುಜ್ಜುವುದನ್ನು ಪೂರ್ಣವಾಗಿ ನಿಲ್ಲಿಸಿದರು. ೧೦ರಿಂದ ೨೧ ದಿನಗಳೊಳಗಾಗಿ ಅವರಲ್ಲಿ ಒಬ್ಬರೂ ಉಳಿಯದೆ ಎಲ್ಲರ ಒಸಡುಗಳೂ ಕೆಂಪೇರಿ ಬಾತವು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಅವು ಮೊದಲಿನಂತಾದವು. ಯಾವ ಔಷಧವನ್ನೂ ಕೊಟ್ಟಿರಲಿಲ್ಲ.

ಅದೇ ಲೋಯೆಯವರು ಸಿಂಹಳದ ಚಹದ ತೋಟಗಳಲ್ಲಿ ೧೯೭೦ರಿಂದ ೧೫ ವರ್ಷಗಳ ಕಾಲ ೪೮೦ ಮಂದಿ ಗಂಡಾಳುಗಳ ಬಾಯಿಯನ್ನು ಪರೀಕ್ಷಿಸುತ್ತ ಬಂದರು. ಆ ಕೂಲಿಕಾರರಲ್ಲಿ ಹಲ್ಲುಜ್ಜುವ ರೂಢಿಯೇ ಇರಲಿಲ್ಲ. ಹುಳುಕೂ ಬಹುಮಟ್ಟಿಗೆ ಇರಲಿಲ್ಲ. ಎಲ್ಲರ ಒಸಡೂ ಬಾತಿತ್ತು. ಆದರೆ ನೂರಕ್ಕೆ ೧೧ ಜನರಲ್ಲಿ ರೋಗವು ಒಸಡನ್ನು ದಾಟಿ ಒಳಗಿಳಿಯಲಿಲ್ಲ. ೮೧ ಜನರಲ್ಲಿ ನಿಧಾನವಾಗಿ ಇಳಿಯಿತು. ಉಳಿದ ೮ ಜನರಲ್ಲಿ ಅತಿವೇಗವಾಗಿ ಹಬ್ಬಿ, ೪೫ ವರ್ಷ ವಯಸ್ಸಿನೊಳಗೆ ಹಲ್ಲುಗಳೆಲ್ಲವೂ ಹೋದವು. “ಅಜ್ಜನವರು ಹಲ್ಲುಜ್ಜಿದ್ದನ್ನೇ ಯಾರೂ ಕಾಣೆವು, ತೊಂಬತ್ತರಲ್ಲಿಯೂ ಕಬ್ಬು ಸಿಗಿಯುತ್ತಿದ್ದರು” ಎಂದು ವಾದಿಸುವವರು ಪ್ರತಿಯೊಂದು ಊರಿನಲ್ಲಿಯೂ ಉಂಟು. ಆ ಅಜ್ಜನವರು ನೂರಕ್ಕೆ ಹನ್ನೊಂದರಲ್ಲಿ ಒಬ್ಬರಾಗಿದ್ದಿರಬಹುದು. ಮೊಮ್ಮಗನು ಎಂಟರಲ್ಲಿ ಒಬ್ಬನಾಗಿರಬಾರದೆಂದೇನೂ ಇಲ್ಲ.

ಲೋಳೆಯ ಪೊರೆಯನ್ನು ಪ್ರತಿದಿನವೂ ತೆಗೆಯದಿದ್ದರೆ ಜೊಲ್ಲಿನಲ್ಲಿಯ ಸುಣ್ಣದಂಶವು ಅದರಲ್ಲಿ ಸೇರಿ, ಕೆಲವೇ ದಿನಗಳಲ್ಲಿ ಕಲ್ಲಿನಂತಾಗುವುದು. ಇದೇ ಕಿಟ್ಟ, ಶಾಸ್ತ್ರದಲ್ಲಿ ‘ದಂತಶರ್ಕರಾ’. ಜೊಲ್ಲಿನ ನಾಳಗಳು ತೆರೆಯುವೆಡೆಯಲ್ಲಿ, ಅಂದರೆ ಕೆಳಗಿನ ಮುಂಬಲ್ಲುಗಳ ಒಳಮೈಯಲ್ಲಿಯೂ ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯಲ್ಲಿಯೂ, ಇದು ಹೆಚ್ಚಾಗಿ ಕಟ್ಟುವುದು. ಕಟ್ಟಿದ ಕಿಟ್ಟವನ್ನು ಬೇವಿನ ಕಡ್ಡಿಯೂ ತೆಗೆಯದು, ಬ್ರಷ್ಷೂ ತೆಗೆಯದು. ತ್ರಿಫಲಾ ಕಷಾಯದಿಂದ ಮುಕ್ಕಳಿಸುವುದು ಒಳ್ಳೆಯದೇ. ಆದರೆ ಕಷಾಯದಿಂದ ಕಿಟ್ಟವೂ ಕರಗಿಹೋಗುವುದೆಂದು ನಂಬಿ ಕುಳಿತವರು ಸುಶ್ರುತನನ್ನು ಪೂರ್ತಿಯಾಗಿ ಓದಿದವರಲ್ಲ. ಹಲ್ಲಿನ ಬುಡಕ್ಕೆ ಗಾಯವಾಗದಂತೆ ಅದನ್ನು ಶಸ್ತ್ರದಿಂದ ಎತ್ತಿ ತೆಗೆಯಬೇಕೆಂದೇ ಚಿಕಿತ್ಸಾಸ್ಥಾನವು ವಿಧಿಸಿದೆ. ಅದಕ್ಕಾಗಿ ‘ದಂತಶಂಕು’ವೆಂಬ ಆಯುಧವನ್ನೂ ಶಸ್ತ್ರಗಳ ಪಟ್ಟಿಯಲ್ಲಿ ಹೇಳಿದೆ.

ಇಂದಿನ ದಂತವೈದ್ಯರು ಮಾಡುವುದೂ ಮೂಲದಲ್ಲಿ ಇದನ್ನೇ. ಮೊದಲು ಮಿಲಿಮೀಟರಿನ ಗುರುತುಗಳುಳ್ಳ ಸಣ್ಣ ಸಲಾಕೆಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಮೆಲ್ಲನೆ ಇಳಿಸಿ, ಒಂದೊಂದು ಹಲ್ಲಿನ ಸುತ್ತಲೂ ಆರು ಎಡೆಗಳಲ್ಲಿ ಆಳವನ್ನು ಅಳೆಯುವರು. ೧ರಿಂದ ೩ ಮಿಲಿಮೀಟರು ಆರೋಗ್ಯದ ಅಳತೆ. ನಾಲ್ಕು ಅಥವಾ ಅದಕ್ಕೆ ಮೇಲ್ಪಟ್ಟು ಇಳಿದು ರಕ್ತವೂ ಬಂದರೆ, ಅಲ್ಲಿ ಒಸಡು ಹಲ್ಲನ್ನು ಬಿಟ್ಟು ಚೀಲದಂತಾಗಿರಬಹುದೆಂದು ಅನುಮಾನಿಸತಕ್ಕದ್ದು. ಎಲುಬು ಎಷ್ಟು ಸವೆದಿದೆ ಎಂಬುದು ಎಕ್ಸ್‌ರೇ ಚಿತ್ರದಲ್ಲಿ ಕಾಣುವುದು. ಆ ಬಳಿಕ ಅತಿವೇಗದಿಂದ ಕಂಪಿಸುವ ಯಂತ್ರದಿಂದಲೂ ಕೈ ಆಯುಧಗಳಿಂದಲೂ ಮೇಲಿನ ಕಿಟ್ಟವನ್ನು ತೆಗೆಯುವರು. ಚೀಲಗಳು ಆಳವಾಗಿದ್ದಲ್ಲಿ, ಆ ಭಾಗಕ್ಕೆ ಮಾತ್ರ ಮರವಾಗುವ ಸೂಜಿಮದ್ದು ಕೊಟ್ಟು, ಒಸಡಿನ ಒಳಗೆ ಬೇರಿಗೆ ಅಂಟಿದ ಕಿಟ್ಟವನ್ನೂ ಕೆರೆದು ಶುದ್ಧಗೊಳಿಸುವರು. ಇದು ಒಂದೇ ದಿನದಲ್ಲಿ ಮುಗಿಯದಿರಬಹುದು. ಸುಮಾರು ಮೂರು ತಿಂಗಳ ತರುವಾಯ ಪುನಃ ಅಳೆದು, ಆರು ಮಿಲಿಮೀಟರು ಅಥವಾ ಹೆಚ್ಚಿನ ಆಳವು ಇನ್ನೂ ಉಳಿದಿದ್ದರೆ, ಒಸಡನ್ನು ಬಿಡಿಸಿ ಬೇರನ್ನು ಕಣ್ಣಾರೆ ಕಂಡು ಶುದ್ಧಿಮಾಡಿ ಹೊಲಿಯುವ ಶಸ್ತ್ರಕ್ರಿಯೆಯನ್ನು ಮಾಡುವರು. ಹೋದ ಎಲುಬು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಕೆಲವು ಬಗೆಯ ಕುಳಿಗಳಲ್ಲಿ ಮಾತ್ರ ಎಲುಬಿನ ಪುಡಿಯನ್ನು ತುಂಬಿ ಕೊಂಚ ಬೆಳೆಸಲು ಸಾಧ್ಯ. ಉಳಿದುದನ್ನು ಉಳಿಸಿಕೊಳ್ಳುವುದೇ ಈ ಚಿಕಿತ್ಸೆಯ ಉದ್ದೇಶ.

“ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುವುವು” ಎಂಬ ಮಾತು ಜನರಲ್ಲಿ ಬಲವಾಗಿ ಬೇರೂರಿದೆ. ಈ ಮಾತನ್ನು ನಂಬಿ ವೈದ್ಯರ ಬಳಿಗೆ ಹೋಗದೆ, ಉಳಿಸಬಹುದಾಗಿದ್ದ ಹಲ್ಲುಗಳನ್ನು ಕಳೆದುಕೊಂಡವರು ಅನೇಕರು. ಹಾಗೆ ಹೇಳುವವರು ಸುಳ್ಳಾಡುವರೆಂದಲ್ಲ. ಅವರು ಕಂಡುದು ನಿಜ, ತಿಳಿದುದು ತಪ್ಪು. ಎಲುಬು ಮೊದಲೇ ಕರಗಿದ್ದ ಹಲ್ಲುಗಳನ್ನು ಕಿಟ್ಟದ ಗಡ್ಡೆಯು ಒಂದಕ್ಕೊಂದು ಬೆಸೆದು ನಿಲ್ಲಿಸಿರುವುದುಂಟು. ಅದನ್ನು ತೆಗೆದೊಡನೆ ಮೊದಲಿನಿಂದ ಇದ್ದ ಅಲುಗಾಟವು ಹೊರಬೀಳುವುದು. ಬಾತಿದ್ದ ಒಸಡು ಇಳಿದುದರಿಂದ ಸಂದಿಗಳು ಕಾಣುವುವು. ಬೇರಿನ ಮೈ ತೆರೆದುದರಿಂದ ತಣ್ಣೀರು ಕೆಲವು ದಿನ ಜುಮ್ಮೆನ್ನುವುದು. ವೈದ್ಯರು ಇವೆಲ್ಲವನ್ನೂ ಮುಂಚಿತವಾಗಿಯೇ ತಿಳಿಸಿ ಹೇಳಿದ್ದರೆ ಈ ಅಪವಾದವು ಇಷ್ಟು ಹಬ್ಬುತ್ತಿರಲಿಲ್ಲ.

ಸಕ್ಕರೆ ಕಾಯಿಲೆಯುಳ್ಳವರು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ರಕ್ತದಲ್ಲಿ ಸಕ್ಕರೆಯು ಹತೋಟಿ ತಪ್ಪಿದರೆ ಒಸಡಿನ ರೋಗವು ಉಲ್ಬಣಿಸುವುದು. ಒಸಡಿನ ರೋಗದಿಂದ ಸಕ್ಕರೆಯ ಹತೋಟಿಯೂ ಕೆಡುವುದು. ಒಸಡಿಗೆ ಸರಿಯಾದ ಚಿಕಿತ್ಸೆ ನಡೆದರೆ ಸಕ್ಕರೆಯ ಮಟ್ಟವು ತುಸು ಇಳಿಯುವುದನ್ನೂ ಕಂಡಿರುವರು. ಇನ್ನು ತಂಬಾಕು. ಬೀಡಿ ಸಿಗರೇಟು ಸೇದುವವರ ಒಸಡಿನಲ್ಲಿ ರಕ್ತನಾಳಗಳು ಕುಗ್ಗಿ ರಕ್ತವೇ ಬಾರದಿರಬಹುದು. ರೋಗವು ಒಳಗೆ ಬೆಳೆಯುತ್ತಿದ್ದರೂ ಹೊರಗೆ ಸುಳಿವಿಲ್ಲ. ಉತ್ತರ ಕರ್ನಾಟಕದ ಕೆಲವೆಡೆ ತಾಯಂದಿರು ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಚಟವನ್ನು ಹತ್ತಿಸಿಕೊಂಡಿರುವರು. ಹಲ್ಲುಪುಡಿಯಲ್ಲಿಯೂ ಪೇಸ್ಟಿನಲ್ಲಿಯೂ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರವು ೧೯೯೨ರಲ್ಲಿಯೇ ನಿಷೇಧಿಸಿತು. ಮನೆಯ ಒಲೆಯ ಮೇಲೆ ಹುರಿಯುವುದನ್ನು ಯಾವ ಸರ್ಕಾರ ತಾನೇ ತಡೆದೀತು?

ಮನೆಯಲ್ಲಿ ಮಾಡತಕ್ಕದ್ದು ಬಹಳವಿಲ್ಲ. ಇದ್ದಿಲು, ಇಟ್ಟಿಗೆಪುಡಿ, ಮರಳುಪ್ಪುಗಳಿಂದ ತಿಕ್ಕುವುದು ಹಲ್ಲಿನ ಮೈಯನ್ನೂ ಒಸಡನ್ನೂ ಸವೆಸುವುದು, ಅದನ್ನು ಬಿಡಬೇಕು. ಒಸಡಿನ ಮಾಂಸವನ್ನು ನೋಯಿಸದೆ ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕೆಂದು ಚರಕ ಸಂಹಿತೆಯು ಹೇಳಿರುವುದನ್ನು ಎರಡು ಸಾವಿರ ವರ್ಷಗಳಾದರೂ ತಿದ್ದಬೇಕಾಗಿ ಬಂದಿಲ್ಲ. ಮೆತ್ತನೆಯ ಕೂದಲಿನ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒತ್ತದೆ, ಸಣ್ಣಸಣ್ಣ ಸುತ್ತುಗಳಾಗಿ ಆಡಿಸುವುದು. ಬೇವಿನ ಕಡ್ಡಿಯನ್ನು ಬಿಡಲೊಲ್ಲದವರು ಅದರ ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮಾಡಿಕೊಂಡೇ ಉಜ್ಜಬೇಕು. ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ಮಾತ್ರ ತಪ್ಪಿಸಬಾರದು. ಸಂದಿಗಳು ತೆರೆದುಕೊಂಡವರು ಅಂಗಡಿಯಲ್ಲಿ ಸಿಗುವ ಎಳೆಸಂದಿಯ ಪುಟ್ಟ ಬ್ರಷ್ಷನ್ನು ಪ್ರತಿಯೊಂದು ಸಂದಿಯಲ್ಲಿಯೂ ಒಮ್ಮೆ ಆಡಿಸಬೇಕು. ಸೂಜಿ, ಪಿನ್ನುಗಳನ್ನು ಚುಚ್ಚಕೂಡದು. ಉಜ್ಜುವಾಗ ರಕ್ತ ಕಂಡರೆ ಹೆದರಿ ಆ ಭಾಗವನ್ನು ಬಿಟ್ಟುಬಿಡುವವರೇ ಹೆಚ್ಚು. ಆ ಭಾಗವೇ ಹೆಚ್ಚು ಮೃದುವಾಗಿಯೂ ಹೆಚ್ಚು ಶ್ರದ್ಧೆಯಿಂದಲೂ ಶುಚಿಮಾಡಬೇಕಾದುದು. ಹತ್ತು ಹದಿನೈದು ದಿನಗಳಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸತಕ್ಕದ್ದು. ರಕ್ತ ತೆಳುವಾಗಿಸುವ ಗುಳಿಗೆ, ರಕ್ತದೊತ್ತಡದ ಗುಳಿಗೆಗಳನ್ನು ನುಂಗುವವರು ಅದರ ಚೀಟಿಯನ್ನೂ ಜೊತೆಯಲ್ಲಿ ಒಯ್ಯಬೇಕು. ಒಮ್ಮೆ ಈ ರೋಗ ಬಂದು ಚಿಕಿತ್ಸೆಯಾದವರು, ಬಾಯಿ ನೆಟ್ಟಗಿದೆಯೆಂದು ತೋರಿದರೂ, ಮೂರು ಅಥವಾ ಆರು ತಿಂಗಳಿಗೊಮ್ಮೆ ವೈದ್ಯರು ಹೇಳಿದ ದಿನಕ್ಕೆ ಹೋಗಿ ಆ ಸಲಾಕೆಯಿಂದ ಅಳೆಯಿಸಿಕೊಂಡು ಬರಬೇಕು.