ಮತಯಂತ್ರದ ಗುಂಡಿ, ರೂಪಾಯಿಯ ಗುರುತು: ಪೊವಾಯಿಯ ಡಿಸೈನ್ ಶಾಲೆ

ಓಟು ಹಾಕಿದವರೆಲ್ಲ ಆ ಪೆಟ್ಟಿಗೆಯನ್ನು ನೋಡಿದ್ದೀರಿ. ಅಭ್ಯರ್ಥಿಯ ಹೆಸರು, ಪಕ್ಕದಲ್ಲಿ ಚಿಹ್ನೆ, ಚಿಹ್ನೆಯ ನೇರಕ್ಕೆ ಒಂದು ನೀಲಿ ಗುಂಡಿ. ಒತ್ತಿದ ಕೂಡಲೇ ಕೆಂಪು ದೀಪ ಹತ್ತುತ್ತದೆ, ಬೀಪ್ ಎಂಬ ಸದ್ದು ಕೇಳುತ್ತದೆ, ಓಟು ಬಿದ್ದಿತು ಎಂಬ ನಂಬಿಕೆ ಬರುತ್ತದೆ. ಈ ಯಂತ್ರ ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಒಂದು ಎಂಬುದು ಹಲವರಿಗೆ ಗೊತ್ತು. ಇನ್ನೊಂದು ಹೈದರಾಬಾದಿನ ಇಸಿಐಎಲ್. ಆದರೆ ಅದಕ್ಕೆ ಈ ರೂಪ ಕೊಟ್ಟವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಬಾಂಬೆ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನಲ್ಲಿ ಪಾಠ ಹೇಳುತ್ತಿದ್ದ ಇಬ್ಬರು, ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಇವತ್ತಿನ ಮಾತು ಆ ಶಾಲೆಯ ಬಗ್ಗೆ. ಅಲ್ಲಿಯವರು ಚಿಕ್ಕದಾಗಿ ಐಡಿಸಿ ಎನ್ನುತ್ತಾರೆ, ನಾವೂ ಹಾಗೇ ಕರೆಯೋಣ.

ಕಾಲೇಜುಗಳು ತಮ್ಮ ಹೆಗ್ಗಳಿಕೆ ಹೇಳಿಕೊಳ್ಳುವಾಗ ಕಟ್ಟಡದ ಫೋಟೊ, ರ‍್ಯಾಂಕಿಂಗು, ಕ್ಯಾಂಪಸ್ ನೇಮಕದ ಸಂಬಳ ಇವನ್ನೇ ಮುಂದಿಡುತ್ತವೆ. ಡಿಸೈನ್ ಕಲಿಸುವ ಕಾಲೇಜನ್ನು ಅಳೆಯಲು ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಹುಟ್ಟಿದ ಕೆಲಸ, ಆ ಕಾಲೇಜಿನ ಹೆಸರನ್ನೇ ಕೇಳದ ಎಷ್ಟು ಜನರ ಕೈಗೆ ಬಂತು, ಬಂದ ಮೇಲೆ ತಕರಾರಿಲ್ಲದೆ ಬಳಕೆಯಾಯಿತೇ ಎಂದು ನೋಡಬೇಕು. ಹಾಗೆ ನೋಡಿದರೆ ಐಡಿಸಿಗೆ ಸಾಟಿಯಾಗಿ ನಿಲ್ಲುವ ಸಂಸ್ಥೆಗಳು ನಮ್ಮ ದೇಶದಲ್ಲಿ ತೀರಾ ಕಡಿಮೆ.

ಐಡಿಸಿ ಶುರುವಾದದ್ದು 1969ರಲ್ಲಿ. ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆಗಲೇ ಎಂಟು ವರ್ಷ ಹಳೆಯದು. ಆದರೆ ಎಂಜಿನಿಯರಿಂಗ್ ಕಾಲೇಜಿನ ಅಂಗಳದೊಳಗೇ ಡಿಸೈನ್ ಕಲಿಸಬೇಕು ಎಂಬುದು ಇಲ್ಲಿ ಹೊಸತು. ಇದನ್ನು ಕಟ್ಟಿದವರಲ್ಲಿ ಮೊದಲ ಹೆಸರು ಸುಧಾಕರ ನಾಡಕರ್ಣಿಯವರದು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಜರ್ಮನಿಯ ಉಲ್ಮ್ ಪಟ್ಟಣದ ಹೆಸರಾಂತ ವಿನ್ಯಾಸ ಶಾಲೆಯಲ್ಲಿ ತರಬೇತಿ ಪಡೆದು ಬಂದವರು. ಉಲ್ಮ್ ಶಾಲೆ 1968ರಲ್ಲಿ ಬಾಗಿಲು ಮುಚ್ಚಿತು; ಮರುವರ್ಷವೇ ಮುಂಬೈಯ ಪೊವಾಯಿಯಲ್ಲಿರುವ ಐಐಟಿ ಅಂಗಳದಲ್ಲಿ ಐಡಿಸಿ ತೆರೆಯಿತು. ವಸ್ತು ಚೆಂದ ಕಾಣುವುದಕ್ಕಿಂತ ಮೊದಲು ಅದನ್ನು ಬಳಸುವವರ ಕೈ, ಕಣ್ಣು, ರೂಢಿ ಇವನ್ನು ಕ್ರಮವಾಗಿ ಅಭ್ಯಾಸ ಮಾಡಬೇಕು ಎಂಬುದು ಉಲ್ಮ್‌ನ ಪಾಠ. ಮೊದಮೊದಲು ಇಲ್ಲಿಗೆ ಸೇರುತ್ತಿದ್ದವರು ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದಿ ಮುಗಿಸಿದವರು. ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದವರಿಗೆ ಅದರ ಮೈಯನ್ನೂ ಮುಖವನ್ನೂ ರೂಪಿಸುವುದನ್ನು ಕಲಿಸಿದರು.

ಮತ್ತೆ ಮತಯಂತ್ರಕ್ಕೆ ಬರುತ್ತೇನೆ, ಏಕೆಂದರೆ ಈ ಪಾಠ ಎಲ್ಲಿಗೆ ಮುಟ್ಟಿತು ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಯಂತ್ರದ ಇತಿಹಾಸ ಸರಾಗವೇನಲ್ಲ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಪ್ರಯೋಗ ಮಾಡಿದರು. ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಕಾನೂನು ತಿದ್ದುಪಡಿಯಾಗಿ, ಮತ್ತೆ ಕೆಲವು ಕಡೆ ಪರೀಕ್ಷೆ ನಡೆದು, 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಿಗೂ ಬಂತು.

ಈಗ ಅದರ ರಚನೆ ನೋಡಿ. ಮತದಾರನ ಮುಂದಿರುವ ಪೆಟ್ಟಿಗೆಯಲ್ಲಿ 16 ಗುಂಡಿಗಳ ಸಾಲು. ಹೆಸರು, ಚಿಹ್ನೆ ಇರುವುದು ಪಾರದರ್ಶಕ ಹಾಳೆಯ ಕೆಳಗೆ ತೂರಿಸಿದ ಕಾಗದದ ಮೇಲೆ. ಎಂಟನೆಯ ಗುಂಡಿ ಒತ್ತಿದರು, ಹನ್ನೊಂದನೆಯದು ಒತ್ತಿದರು ಎಂಬುದಷ್ಟೇ ಈ ಪೆಟ್ಟಿಗೆಗೆ ಲೆಕ್ಕ. ಹಾಗಾಗಿ ಕನ್ನಡ, ತಮಿಳು, ಅಸ್ಸಾಮಿ ಎಂದು ಬೇರೆ ಬೇರೆ ಯಂತ್ರ ಬೇಡ, ಕಾಗದ ಬದಲಿಸಿದರೆ ಸಾಕು. ಕಣದಲ್ಲಿ ಒಂಬತ್ತೇ ಜನರಿದ್ದರೆ ನೋಟಾ ಸೇರಿ ಹತ್ತು ಗುಂಡಿ ತೆರೆದಿಟ್ಟು, ಉಳಿದವನ್ನು ಬಿಳಿ ಮುಚ್ಚಳದಿಂದ ಮರೆಮಾಡುತ್ತಾರೆ. ಓದುಬರಹ ಬಾರದವರಿಗೆ ಚಿಹ್ನೆ, ಕಣ್ಣು ಕಾಣದವರಿಗೆ ಬ್ರೈಲ್ ಅಂಕಿ. ಕರೆಂಟು ಬೇಕಿಲ್ಲ, ಬ್ಯಾಟರಿಯಲ್ಲೇ ನಡೆಯುತ್ತದೆ.

ಇನ್ನೊಂದು ಪೆಟ್ಟಿಗೆ ಮತಗಟ್ಟೆ ಅಧಿಕಾರಿಯ ಮೇಜಿನ ಮೇಲಿರುತ್ತದೆ. ಅಧಿಕಾರಿ ಬ್ಯಾಲೆಟ್ ಗುಂಡಿ ಒತ್ತಿದ ಮೇಲೇ ನಿಮ್ಮ ಗುಂಡಿಗಳಿಗೆ ಜೀವ ಬರುತ್ತದೆ. ನೀವು ಒಂದು ಒತ್ತಿದ ಕೂಡಲೇ ಮತ್ತೆ ಬೀಗ. ಎರಡನೆಯ ಸಲ ಎಷ್ಟು ಒತ್ತಿದರೂ ಲೆಕ್ಕಕ್ಕಿಲ್ಲ. ಮತದಾನ ಮುಗಿಸುವ ಗುಂಡಿಗೆ ಮುಚ್ಚಳ, ಫಲಿತಾಂಶ ತೋರಿಸುವ ಗುಂಡಿ ಇರುವುದು ಮೊಹರು ಹಾಕಿದ ಪುಟ್ಟ ಬಾಗಿಲಿನೊಳಗೆ. ಅಂದರೆ ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಎಣಿಕೆಯ ದಿನದವರೆಗೆ ಮುಟ್ಟಲೇಬಾರದು ಎಂಬುದನ್ನು ಪುಸ್ತಕದ ನಿಯಮಕ್ಕೆ ಮಾತ್ರ ಬಿಟ್ಟಿಲ್ಲ, ಪೆಟ್ಟಿಗೆಯ ಮೈಯಲ್ಲೇ ಕೂರಿಸಿದ್ದಾರೆ. ಮತಯಂತ್ರದ ಬಗ್ಗೆ ರಾಜಕೀಯ ವಾದವಿವಾದ ಏನೇ ಇರಲಿ, ಗುಂಡಿ ಹೇಗೆ ಒತ್ತಬೇಕು ತಿಳಿಯಲಿಲ್ಲ ಎಂಬ ದೂರು ಕೇಳುವುದು ಅಪರೂಪ. ಚುನಾವಣೆಯ ಕೆಲಸಕ್ಕೆ ಹೋಗಿ ಬಂದ ಶಾಲಾ ಶಿಕ್ಷಕರನ್ನು ಕೇಳಿ ನೋಡಿ. ಅವರ ಗೋಳೆಲ್ಲ ಫಾರಂ ತುಂಬುವುದರ ಬಗ್ಗೆ ಇರುತ್ತದೆ.

ಐಡಿಸಿಯಿಂದ ಹೊರಬಂದ ಇನ್ನೊಂದು ಕೆಲಸ ನಿಮ್ಮ ಜೇಬಿನಲ್ಲೇ ಇದೆ. ರೂಪಾಯಿಗೆ ಒಂದು ಗುರುತು ಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2009ರಲ್ಲಿ ಸ್ಪರ್ಧೆ ಕರೆಯಿತು. ಕೊನೆಯ ಸುತ್ತಿಗೆ ಐವರು ಉಳಿದರು. 2010ರ ಜುಲೈ 15ರಂದು ಸಚಿವ ಸಂಪುಟ ಒಪ್ಪಿದ್ದು ಡಿ. ಉದಯಕುಮಾರ್ ಅವರ ರಚನೆಯನ್ನು. ಬಹುಮಾನ ಎರಡೂವರೆ ಲಕ್ಷ. ತಮಿಳುನಾಡಿನವರಾದ ಉದಯಕುಮಾರ್ ಐಡಿಸಿಯಲ್ಲಿ ತಮಿಳು ಅಕ್ಷರಗಳ ವಿನ್ಯಾಸದ ಮೇಲೆ ಸಂಶೋಧನೆ ಮಾಡಿದವರು. ದೇವನಾಗರಿಯ ‘ರ’ ಅಕ್ಷರವನ್ನೂ, ನಿಂತ ಗೆರೆ ತೆಗೆದ ರೋಮನ್ ‘ಆರ್’ ಅಕ್ಷರವನ್ನೂ ಒಂದರೊಳಗೊಂದು ಬೆರೆಸಿ, ಮೇಲೆ ಎರಡು ಸಮಾನಾಂತರ ಗೆರೆ ಎಳೆದರು. ನಡುವಿನ ಬಿಳಿ ಜಾಗ ಸೇರಿ ಅದು ತಿರಂಗದಂತೆ ಕಾಣಲಿ ಎಂಬ ಯೋಚನೆ.

ದಕ್ಷಿಣದ ಲಿಪಿಗಳಿಗೆ ಅದರಲ್ಲಿ ಜಾಗ ಎಲ್ಲಿ ಎಂದು ಕೇಳುವವರಿದ್ದಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. 2025ರಲ್ಲಿ ತಮಿಳುನಾಡು ಸರ್ಕಾರ ತನ್ನ ಬಜೆಟ್ಟಿನ ಲಾಂಛನದಲ್ಲಿ ಈ ಗುರುತನ್ನು ಬಿಟ್ಟು ತಮಿಳು ಅಕ್ಷರ ಹಾಕಿದಾಗ, ಗುರುತು ರಚಿಸಿದವರೇ ತಮಿಳರು ಎಂದು ಎಲ್ಲರೂ ನೆನಪಿಸಿಕೊಂಡರು. ಆದರೆ ಅಕ್ಷರ ತಜ್ಞರ ಕಣ್ಣಿನಿಂದ ನೋಡಿದರೆ ಇದು ಗಟ್ಟಿ ಕೆಲಸ. ತರಕಾರಿ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದರೂ ಗುರುತು ಸಿಗುತ್ತದೆ. ಇದರಲ್ಲಿ ನಮ್ಮೂರಿನವರ ಪಾಲೂ ಇದೆ. ಗುರುತು ಬಂದ ಹೊಸದರಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ದಾರಿಯೇ ಇರಲಿಲ್ಲ. ಯುನಿಕೋಡ್ ಅದಕ್ಕೆ ಸ್ಥಾನ ಕೊಟ್ಟದ್ದು 2010ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲೇ, ಮಂಗಳೂರಿನ ಫೊರೇಡಿಯನ್ ಎಂಬ ಪುಟ್ಟ ಕಂಪನಿ, ಕೀಲಿಮಣೆಯಲ್ಲಿ ಟ್ಯಾಬ್ ಕೀಲಿಯ ಮೇಲಿರುವ ಕೀಲಿ ಒತ್ತಿದರೆ ರೂಪಾಯಿ ಮೂಡುವಂಥ ಫಾಂಟ್ ಮಾಡಿ ಹಂಚಿಬಿಟ್ಟಿತು.

ಅಕ್ಷರದ ಮಾತು ಬಂದರೆ ಆರ್.ಕೆ. ಜೋಶಿಯವರನ್ನು ಬಿಡುವಂತಿಲ್ಲ. ಕವಿ, ಕ್ಯಾಲಿಗ್ರಫಿ ಕಲಾವಿದ, ಜಾಹೀರಾತು ಕ್ಷೇತ್ರದಿಂದ ಬಂದು ಐಡಿಸಿಯಲ್ಲಿ ವರ್ಷಗಟ್ಟಲೆ ಅಕ್ಷರ ವಿನ್ಯಾಸ ಕಲಿಸಿದ ಗುರು, 2008ರಲ್ಲಿ ತೀರಿಕೊಂಡರು. ಐಡಿಸಿಯಿಂದ ನಿವೃತ್ತರಾದ ಮೇಲೆ ಅವರ ನಿರ್ದೇಶನದಲ್ಲಿ ವಿಂಡೋಸ್‌ಗಾಗಿ ಭಾರತೀಯ ಲಿಪಿಗಳ ಫಾಂಟುಗಳು ತಯಾರಾದವು. ಹಿಂದಿಯ ಮಂಗಲ್, ತಮಿಳಿನ ಲತಾ, ತೆಲುಗಿನ ಗೌತಮಿ, ಕನ್ನಡದ ತುಂಗಾ. ವಿಂಡೋಸ್ ಎಕ್ಸ್‌ಪಿ ಬಳಸಿದ ಕನ್ನಡಿಗರಿಗೆ ತುಂಗಾ ಪರಿಚಿತ. ನನ್ನ ಕಣ್ಣಿಗೆ ಅದು ಸ್ವಲ್ಪ ಸಣಕಲು, ಪರದೆಯ ಮೇಲೆ ಗಾತ್ರ ಹೆಚ್ಚಿಸದೆ ಓದುವುದು ಕಷ್ಟ. ಕಾರಣ ನಮ್ಮ ಲಿಪಿಯ ಸ್ವಭಾವದಲ್ಲೇ ಇದೆ. ‘ರಾಷ್ಟ್ರ’ ಬರೆಯಿರಿ: ‘ಷ’ದ ಕೆಳಗೆ ‘ಟ’, ಅದರ ಜೊತೆಗೆ ‘ರ’. ರೋಮನ್ ಲಿಪಿಗೆಂದು ಅಳೆದ ಸಾಲಿನ ಎತ್ತರದಲ್ಲಿ ಇಷ್ಟನ್ನೂ ಕೂರಿಸಲು ಹೊರಟರೆ ಮೂಲ ಅಕ್ಷರವೇ ಕುಗ್ಗಬೇಕಾಗುತ್ತದೆ. ಆದರೂ ಬೇರೆ ಫಾಂಟ್ ಹಾಕಿಕೊಳ್ಳದೆ, ಕಂಪ್ಯೂಟರಿನಲ್ಲಿ ಕನ್ನಡ ಕಾಣುವಂತಾದದ್ದು ಆ ಕೆಲಸದಿಂದ.

ಜೋಶಿಯವರು ಅಕ್ಷರ ಕಾಣಿಸಿದರೆ, ಅಲ್ಲಿನ ಇನ್ನೊಬ್ಬ ಪ್ರಾಧ್ಯಾಪಕ ಅನಿರುದ್ಧ ಜೋಶಿ ಅಕ್ಷರ ಮೂಡಿಸುವ ಕಡೆ ಗಮನ ಕೊಟ್ಟರು. ಕನ್ನಡ ಟೈಪಿಂಗ್ ಎಂದರೆ ನಮಗೆ ಕೆ.ಪಿ. ರಾವ್ ಅವರ ಕೀಲಿಮಣೆ ನೆನಪಾಗುತ್ತದೆ. ಆದರೆ ಅದು ಇಂಗ್ಲಿಷ್ ಕೀಲಿಗಳನ್ನು ಬಲ್ಲವರಿಗೆ. ಇಂಗ್ಲಿಷಿನ ಹಂಗಿಲ್ಲದೆ ಮೊಬೈಲಿನಲ್ಲಿ ಬರೆಯಬೇಕೆನ್ನುವವರಿಗಾಗಿ ಅನಿರುದ್ಧ ಜೋಶಿ ಮತ್ತು ಸಂಗಡಿಗರು ‘ಸ್ವರಚಕ್ರ’ ಮಾಡಿದರು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅದನ್ನು ಉಚಿತವಾಗಿ ಕೊಟ್ಟರು. ಪರದೆಯ ಮೇಲೆ ಒಂದನೇ ಕ್ಲಾಸಿನಲ್ಲಿ ಕಲಿತ ವರ್ಗದ ಕ್ರಮದಲ್ಲೇ ಅಕ್ಷರಗಳಿರುತ್ತವೆ. ‘ಶ್ರೀ’ ಎಂದು ಬರೆಯಬೇಕೆನ್ನಿ. ‘ಶ’ ಮೇಲೆ ಬೆರಳಿಟ್ಟರೆ ಸುತ್ತ ಒಂದು ಚಕ್ರ ಬಿಚ್ಚಿಕೊಳ್ಳುತ್ತದೆ: ಶಾ, ಶಿ, ಶು, ಶೆ, ಜೊತೆಗೆ ಅರ್ಧಾಕ್ಷರ ‘ಶ್’. ಬೆರಳನ್ನು ‘ಶ್’ ಕಡೆ ಜಾರಿಸಿದರೆ ಕೀಲಿಗಳೆಲ್ಲ ಬದಲಾಗಿ, ‘ರ’ ಇದ್ದ ಜಾಗದಲ್ಲಿ ‘ಶ್ರ’ ಎಂದೇ ಕಾಣುತ್ತದೆ. ಅದನ್ನು ಒತ್ತಿ ದೀರ್ಘದ ಕಡೆ ಜಾರಿಸಿದರೆ ‘ಶ್ರೀ’ ಸಿದ್ಧ. ಒತ್ತಕ್ಷರ ಹೇಗೆ ಬರುತ್ತದೋ ಎಂದು ಊಹಿಸಿ ಕೂರಬೇಕಿಲ್ಲ, ಒತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ. ಇವತ್ತು ದೊಡ್ಡ ಕಂಪನಿಗಳ ಕೀಲಿಮಣೆ ಫೋನಿನ ಜೊತೆಗೇ ಬರುತ್ತದೆ, ಬಹಳ ಜನ ಮಾತಿನಲ್ಲೇ ಹೇಳಿ ಬರೆಸುತ್ತಾರೆ. ಆದರೂ ನಮ್ಮ ವರ್ಣಮಾಲೆಯ ತರ್ಕವನ್ನೇ ನೆಚ್ಚಿ ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೀಲಿಮಣೆಯನ್ನು ನಾನು ಬೇರೆ ಕಂಡಿಲ್ಲ.

ಇಷ್ಟೇ ಅಲ್ಲ. ಅಲ್ಲಿ ಪಾಠ ಹೇಳಿದ ನೀನಾ ಸಬನಾನಿಯವರು ಭಿಲ್ ಚಿತ್ರಕಲಾವಿದನ ಜೊತೆಗೂಡಿ ಮಾಡಿದ ‘ಹಮ್ ಚಿತ್ರ ಬನಾತೇ ಹೈಂ’ ಅನಿಮೇಷನ್ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂದಿದೆ. ಡಿಸೋರ್ಸ್ ಎಂಬ ಉಚಿತ ಕಲಿಕಾ ತಾಣದಲ್ಲಿ ದೇಶದ ಕರಕುಶಲ ಕಲೆಗಳನ್ನು ಫೋಟೊ, ವಿವರಣೆಗಳ ಸಮೇತ ದಾಖಲಿಸಿದ್ದಾರೆ. ನಮ್ಮ ಬಿದ್ರಿ, ಚನ್ನಪಟ್ಟಣದ ಗೊಂಬೆ ಅಲ್ಲಿವೆ. ಕಲಾವಿದರ ಮಕ್ಕಳಿಗೇ ಮರೆತುಹೋಗುವ ಹಂತಗಳನ್ನು ಹೀಗೆ ಬರೆದಿಡುವುದು ಪ್ರಶಸ್ತಿಗಿಂತ ದೊಡ್ಡ ಕೆಲಸ ಎನ್ನುತ್ತೇನೆ ನಾನು.

ಇದೆಲ್ಲ ಒಂದೇ ಕಡೆ ಹೇಗೆ ಕೂಡಿಬಂತು? ಮೇಷ್ಟ್ರುಗಳು ಪಾಠ ಹೇಳುತ್ತಲೇ ಹೊರಗಿನ ನಿಜವಾದ ಕೆಲಸ ಕೈಗೆತ್ತಿಕೊಂಡದ್ದು ಮುಖ್ಯ ಕಾರಣ. ಚುನಾವಣೆಗೆ ಬೇಕಾದ ಯಂತ್ರವಿರಲಿ, ಹಳ್ಳಿಯವರ ಫೋನಿರಲಿ, ಗಿರಾಕಿ ಕಾಲ್ಪನಿಕನಲ್ಲ. ಅದರ ಜೊತೆಗೆ, ಪಕ್ಕದ ಕಟ್ಟಡದಲ್ಲೇ ಎಲೆಕ್ಟ್ರಾನಿಕ್ಸ್, ಲೋಹಶಾಸ್ತ್ರ, ಕಂಪ್ಯೂಟರ್ ಬಲ್ಲವರು. ಕಲಾಶಾಲೆಯೊಂದು ಒಂಟಿಯಾಗಿ ನಿಂತಿದ್ದರೆ ಈ ಅನುಕೂಲ ಸಿಗುತ್ತಿರಲಿಲ್ಲ.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದವರಿಗೆ ಒಂದು ಮಾತು. ಐಐಟಿ ಎಂದರೆ ಗಣಿತ, ಭೌತಶಾಸ್ತ್ರ ಎಂದೇ ಅನೇಕರು ತಿಳಿದಿದ್ದಾರೆ. ಆದರೆ ಇಲ್ಲಿನ ನಾಲ್ಕು ವರ್ಷದ ಬಿ.ಡಿಸೈನ್ ಪದವಿಗೆ ಕಲೆ, ವಾಣಿಜ್ಯ ಓದಿದವರೂ ಅರ್ಜಿ ಹಾಕಬಹುದು. ಪ್ರವೇಶ ಪರೀಕ್ಷೆಯ ಹೆಸರು ಯುಸೀಡ್. ಕಂಪ್ಯೂಟರಿನಲ್ಲಿ ಉತ್ತರಿಸುವ ಭಾಗ ಒಂದು, ಕೈಯಿಂದ ಚಿತ್ರ ಬರೆಯುವ ಭಾಗ ಇನ್ನೊಂದು. ಪದವಿ ಮುಗಿಸಿದವರಿಗೆ ಸೀಡ್ ಎಂಬ ಪರೀಕ್ಷೆ. ಅದರ ಮೂಲಕ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿಸೈನ್‌ಗೂ ಸೇರಬಹುದು. ಸೀಟುಗಳು ಕಡಿಮೆ, ಪೈಪೋಟಿ ಜೋರು. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷಿನಲ್ಲೇ. ಕನ್ನಡದ ಒತ್ತಕ್ಷರಕ್ಕಾಗಿ ಅಷ್ಟು ತಲೆ ಕೆಡಿಸಿಕೊಂಡ ಸಂಸ್ಥೆಯ ಬಾಗಿಲಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿ ಚೆನ್ನಾಗಿ ಚಿತ್ರ ಬರೆಯುವ ಹುಡುಗಿ ಪ್ರಶ್ನೆ ಅರ್ಥವಾಗದೆ ನಿಲ್ಲಬೇಕಾಗಿರುವುದು ನನಗೆ ಸರಿ ಕಾಣುವುದಿಲ್ಲ. ಪ್ರಶ್ನೆಪತ್ರಿಕೆಯನ್ನು ಭಾರತೀಯ ಭಾಷೆಗಳಲ್ಲೂ ಕೊಡುವುದು ಅವರಿಗೆ ಅಸಾಧ್ಯದ ಕೆಲಸವೇನಲ್ಲ.