ಚೀಟಿಯ ನೆತ್ತಿಯ ಎರಡಕ್ಷರ

ಇಂದು ವೈದ್ಯಪದವಿಯನ್ನು ಸ್ವೀಕರಿಸುತ್ತಿರುವ ಸ್ನಾತಕಮಿತ್ರರೇ,

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಆಡಿ ಬೆಳೆದವನು ನಾನು. ಉಪದೇಶದ ಅಧಿಕಾರ ನನಗಿಲ್ಲ. ನರರೋಗಿಗಳ ಮಗ್ಗುಲಲ್ಲಿ ಕುಳಿತು ಕಲಿತ ಒಂದು ಪಾಠವನ್ನಷ್ಟೇ ನಿಮ್ಮ ಮುಂದಿಡುವೆನು.

1868ರಲ್ಲಿ ಪ್ಯಾರಿಸಿನ ಶಾರ್ಕೋ ಎಂಬ ವೈದ್ಯನು ವಿಶದವಾಗಿ ವಿವರಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ವ್ಯಾಧಿಯಲ್ಲಿ, ದೇಹದ ರಕ್ಷಣಾಶಕ್ತಿಯೇ ನರತಂತುಗಳ ಮಯಲಿನ್ ಹೊದಿಕೆಯನ್ನು ಅಲ್ಲಲ್ಲಿ ಹರಿದುಹಾಕುವುದರಿಂದ, ಕಣ್ಣು ಮಸುಕಾಗಿ, ಕಾಲು ಸೋತು, ಬಹುಜನರಲ್ಲಿ ಕೆಲವು ವಾರಗಳ ತರುವಾಯ ಮತ್ತೆ ಚೇತರಿಕೆ ಕಾಣುವುದು. ಅಂಥ ರೋಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಮಿಶ್ರಿಕೋಟಿಯಿಂದ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದು, ಐದು ವರುಷಗಳ ಎಂ.ಆರ್.ಐ. ಫಿಲ್ಮುಗಳನ್ನು ಕೈಚೀಲದಲ್ಲಿ ಅವಚಿಕೊಂಡು ಬೆಂಚಿನ ಮೇಲೆ ಕುಳಿತ ಅವಳು, “ತಲಿನೋವು ದಿನಾ ಹೆಚ್ಚಾಕ್ಕೋಂತ ಹೊಂಟೈತ್ರೀ ಸರ, ಮೊನ್ನೆ ಫಿಟ್ಸ್ ಬಂದು ಬಿದ್ದಿದ್ನ್ರೀ” ಎನ್ನುವಳು. ಚೀಟಿಯ ನೆತ್ತಿಯ ಮೇಲೆ ‘ಎಂ.ಎಸ್.’ ಎಂದು ಮೊದಲೇ ಬರೆದಿದೆ. ಅವಸರದ ವೈದ್ಯನಿಗೆ ಆ ಎರಡಕ್ಷರಗಳೇ ಉತ್ತರವಾಗುವುವು. ಹಳೆಯ ರೋಗವೇ ಮರುಕಳಿಸಿತೆಂದು ಸ್ಟೆರಾಯ್ಡು ಕೊಡುವನು. ನೋವು ಇಳಿದರಂತೂ ತನ್ನ ತೀರ್ಮಾನವೇ ದಿಟವೆಂದು ಬಗೆಯುವನು. ಆದರೆ ಆ ನೋವಿಗೆ ಮಿದುಳಿನ ಗಡ್ಡೆಯೂ ಕಾರಣವಿರಬಹುದು; ಸ್ಟೆರಾಯ್ಡಿಗೆ ಗಡ್ಡೆಯ ಸುತ್ತಣ ಬಾವೂ ಇಳಿಯುತ್ತದೆ. ಮಿದುಳಿನ ಲಿಂಫೋಮಾ ಎಂಬ ಗಡ್ಡೆಯಂತೂ ತಾನೇ ಕುಗ್ಗಿ ಕೆಲಕಾಲ ಮರೆಯಾಗಬಲ್ಲುದು. ಎರಡು ರೋಗಗಳು ಒಂದೇ ಮಿದುಳಿನಲ್ಲಿ ಕೂಡುವುದು ವಿರಳ; ವಿರಳವಾದುದರಿಂದಲೇ ಕಣ್ತಪ್ಪುತ್ತದೆ.

ಪ್ರಮಾದಕ್ಕೆ ಇನ್ನೊಂದು ಮುಖವೂ ಉಂಟು. ಮಯಲಿನ್ ಕಳೆದ ಮಚ್ಚೆಯೇ ಒಮ್ಮೊಮ್ಮೆ 2 ಸೆಂಟಿಮೀಟರಿಗೆ ಮಿಗಿಲಾಗಿ ಬೆಳೆದು ಗಡ್ಡೆಯ ವೇಷ ತೊಡುವುದು. ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಅದರ ಅಂಚಿನಲ್ಲಿ ಹೊಳೆಯುವ ಉಂಗುರವು ಒಡೆದ ಬಳೆಯಂತೆ ಒಂದು ಮಗ್ಗುಲಿಗೆ ತೆರೆದಿದ್ದು, ಗಾತ್ರದ ಮಾನಕ್ಕೆ ಸುತ್ತಲಿನ ಮಿದುಳನ್ನು ಅಷ್ಟಾಗಿ ಒತ್ತದಿದ್ದರೆ, ಶಸ್ತ್ರವೆತ್ತುವ ಮುನ್ನ ನಿಂತು ಯೋಚಿಸಬೇಕು. ಸಂಶಯ ತೀರದಿದ್ದಲ್ಲಿ, ತುಣುಕೊಂದನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಗತಿ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರವನ್ನು ಬೋಧಿಸಿ, ವೈದ್ಯವಿಷಯಗಳನ್ನು ಕನ್ನಡದಲ್ಲಿ ಬರೆದ ಡಾ. ಸ. ಜ. ನಾಗಲೋಟಿಮಠರಂಥವರ ವಿದ್ಯೆ ನೆರವಿಗೆ ಬರುವುದು ಇಲ್ಲಿಯೇ: ಸೂಕ್ಷ್ಮದರ್ಶಕದಡಿ ಮಯಲಿನ್ ನುಂಗಿದ ನೊರೆಮೈಯ ಜೀವಕೋಶಗಳು ತುಂಬಿದ್ದು, ನರತಂತುವಿನ ಒಳದಂಟು ಬಹುಮಟ್ಟಿಗೆ ಉಳಿದಿದ್ದರೆ ಅದು ಗಡ್ಡೆಯಲ್ಲವೆಂಬ ಸೂಚನೆ. ಆದರೆ ‘ಈಕೆಗೆ ಎಂ.ಎಸ್. ಇದೆ, ಸ್ಟೆರಾಯ್ಡು ಕೊಟ್ಟಾಗಿದೆ’ ಎಂಬೆರಡು ಮಾತುಗಳನ್ನು ಬರೆಯದೆ ಆ ತುಣುಕನ್ನು ಕಳುಹಿಸಿದರೆ, ಓದುವ ಪಂಡಿತನ ಕಣ್ಣಿಗೂ ನೀವೇ ಬಟ್ಟೆ ಕಟ್ಟಿದಂತೆ.

ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕೊಳ್ಳಬಂದ ನಮ್ಮೂರ ಹಿರಿಯರು ಬಣ್ಣಕ್ಕೆ ಮರುಳಾಗದೆ ಮರವನ್ನು ತಟ್ಟಿ ನೋಡುವರು. ಚೀಟಿಯ ಮೇಲಿನ ಹೆಸರೂ ಬಣ್ಣವೇ. ಸ್ನಾತಕರೇ, ಆ ತಾಯಿಯ ಕೈಚೀಲವನ್ನು ಬಿಚ್ಚಿಸಿರಿ. ಹಳೆಯ ಫಿಲ್ಮನ್ನು ಹೊಸದರ ಪಕ್ಕದಲ್ಲಿ ಬೆಳಕಿಗೆ ಹಿಡಿಯಿರಿ. ತಲೆನೋವು ಎಂದು ಮೊದಲಾಯಿತೆಂದು ಇನ್ನೊಮ್ಮೆ ಕೇಳಿರಿ.